ಅಗ್ಗದ ಪ್ಲಾಸ್ಟಿಕ್ ಡೈನೋಸಾರ್‌ಗಳು: ಗುರುತು, ಸಂಗ್ರಹ ಮತ್ತು ಎಚ್ಚರ

ಆಟಿಕೆ ಡೈನೋಸಾರ್‌ಗಳಲ್ಲಿ ಸ್ಥೂಲವಾಗಿ ಎರಡು ವರ್ಗಗಳಿವೆ. ತಜ್ಞರು ಪರಿಶೀಲಿಸಿದ ಮಾದರಿಯಿಂದ ತಯಾರಾಗಿ, ಕೈಯಿಂದ ಬಣ್ಣ ಹಚ್ಚಿಸಿಕೊಂಡು, ಒಂದೊಂದಾಗಿ ಮಾರಾಟವಾಗುವವು ಮೊದಲನೆಯ ವರ್ಗ. ಡಜನ್ ಲೆಕ್ಕದಲ್ಲಿ ಒಂದೇ ಚೀಲದಲ್ಲಿ ತುಂಬಿ ಬರುವ, ಅನೇಕ ವೇಳೆ ತಯಾರಕನ ಹೆಸರೇ ಇಲ್ಲದ, ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆ ಕೊಡುವ ಪುಟ್ಟ ಚೀಲದಲ್ಲಿ ಪೆನ್ಸಿಲು, ಮಿಠಾಯಿಗಳ ಜೊತೆಗೆ ಸೇರಿಕೊಳ್ಳುವ ಅಗ್ಗದ ಪ್ರಾಣಿಗಳು ಎರಡನೆಯ ವರ್ಗ. ಈ ಲೇಖನ ಮುಖ್ಯವಾಗಿ ಎರಡನೆಯ ವರ್ಗವನ್ನು ಕುರಿತದ್ದು. ಹೋಲಿಕೆಗೆ ಬೇಕಾದಷ್ಟು ಮಟ್ಟಿಗೆ ಮೊದಲನೆಯದರ ಪ್ರಸ್ತಾಪವೂ ಇದೆ.

ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸಿದ ನಮ್ಮವರ ಮನೆಗಳಲ್ಲಿ ಇಂಥ ಪ್ರಾಣಿಗಳ ಒಂದು ಡಬ್ಬಿ ಇರುವುದು ಸಾಮಾನ್ಯ. ಮಕ್ಕಳು ಕಾಲೇಜಿಗೆ ಹೊರಟ ಮೇಲೆ ಅದು ಗ್ಯಾರೇಜಿನ ಅಟ್ಟ ಸೇರುತ್ತದೆ. ಮೊಮ್ಮಕ್ಕಳೋ ನೆಂಟರ ಮಕ್ಕಳೋ ಬಂದಾಗ ಕೆಳಗಿಳಿಯುತ್ತದೆ. ಆಗ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಇವು ಯಾವ ಕಾಲದವು, ಇಟ್ಟುಕೊಳ್ಳಲು ಯೋಗ್ಯವೆ? ಇವನ್ನು ಪುಟ್ಟ ಮಗುವಿನ ಕೈಗೆ ಕೊಡಬಹುದೆ? ಮೊದಲನೆಯದು ಸಂಗ್ರಾಹಕನ ಪ್ರಶ್ನೆ, ಎರಡನೆಯದು ವೈದ್ಯನ ಪ್ರಶ್ನೆ. ವೃತ್ತಿಯಿಂದ ವೈದ್ಯನೂ ಹವ್ಯಾಸದಿಂದ ಇಂಥ ಪ್ರಾಣಿಗಳನ್ನು ಕೂಡಿಹಾಕುವವನೂ ಆಗಿರುವ ನನಗೆ ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂದು ತೋರಿದೆ. ಆಟಿಕೆಯ ವಯಸ್ಸನ್ನೂ ಅದು ಯಾವ ವಸ್ತುವಿನದೆಂಬುದನ್ನೂ ಗುರುತಿಸಬಲ್ಲವರು ಎರಡಕ್ಕೂ ಉತ್ತರ ಕಂಡುಕೊಳ್ಳಬಲ್ಲರು.

ಪೂರ್ವೇತಿಹಾಸ

‘ಡೈನೋಸಾರಿಯಾ’ ಎಂಬ ಹೆಸರನ್ನು ಇಂಗ್ಲೆಂಡಿನ ಅಂಗರಚನಾಶಾಸ್ತ್ರಜ್ಞ ರಿಚರ್ಡ್ ಓವನ್ 1842ರಲ್ಲಿ ಟಂಕಿಸಿದರು. ಹನ್ನೆರಡು ವರ್ಷಗಳ ನಂತರ, 1854ರಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ನಿರ್ಮಿಸಿದ ಆಳೆತ್ತರ ಮೀರಿದ ಪ್ರತಿಮೆಗಳು ಜನರಿಗೆ ಈ ಪ್ರಾಣಿಗಳ ಮೊದಲ ದರ್ಶನ ಮಾಡಿಸಿದವು. ಅಲ್ಲಿನ ಇಗ್ವಾನೊಡಾನ್‌ಗೆ ಮೂಗಿನ ಮೇಲೆ ಒಂದು ಕೊಂಬು ಇದೆ. 1878ರಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಗಣಿಯಲ್ಲಿ ಪೂರ್ಣ ಅಸ್ಥಿಪಂಜರಗಳು ದೊರೆತಾಗ ಅದು ಕೊಂಬಲ್ಲ, ಹೆಬ್ಬೆರಳಿನ ಮೊನೆ ಎಂಬುದು ಖಚಿತವಾಯಿತು. ಪ್ರತಿಮೆ ಮಾತ್ರ ತನ್ನ ಕಾಲದ ತಿಳಿವಳಿಕೆಯನ್ನು ಹೊತ್ತು ಇಂದಿಗೂ ಹಾಗೆಯೇ ನಿಂತಿದೆ. ಪ್ಲಾಸ್ಟಿಕ್ ಡೈನೋಸಾರ್‌ಗಳ ವಿಷಯದಲ್ಲೂ ಈ ಮಾತು ಅನ್ವಯಿಸುತ್ತದೆ.

ಪ್ಲಾಸ್ಟಿಕ್ ಡೈನೋಸಾರ್‌ಗಳ ಮೂಲಪುರುಷನೆಂದು ಸಂಗ್ರಾಹಕರು ಒಪ್ಪುವುದು ಲೂಯಿ ಮಾರ್ಕ್ಸ್ ಕಂಪನಿಯ ಸೆಟ್ಟುಗಳನ್ನು. 1955ರ ಸುಮಾರಿಗೆ ಬಂದ ಈ ಅಮೆರಿಕನ್ ಆಟಿಕೆಗಳಲ್ಲಿ ಹಲವು ಪ್ರಾಣಿಗಳ ಭಂಗಿ ಯೇಲ್ ವಿಶ್ವವಿದ್ಯಾಲಯದ ಪೀಬಾಡಿ ವಸ್ತುಸಂಗ್ರಹಾಲಯದ ಗೋಡೆಯಿಂದ ಬಂದದ್ದು. ಅಲ್ಲಿ ರುಡಾಲ್ಫ್ ಜಾಲಿಂಗರ್ 1947ರಲ್ಲಿ ಮುಗಿಸಿದ 110 ಅಡಿ ಉದ್ದದ ಭಿತ್ತಿಚಿತ್ರವಿದೆ. 1953ರಲ್ಲಿ ‘ಲೈಫ್’ ಪತ್ರಿಕೆ ಆ ಚಿತ್ರವನ್ನು ಬಣ್ಣದಲ್ಲಿ ಮುದ್ರಿಸಿ ಲಕ್ಷಾಂತರ ಮನೆಗಳಿಗೆ ತಲುಪಿಸಿತು. ಬೊಜ್ಜುಹೊಟ್ಟೆಯ, ನೆಟ್ಟಗೆ ನಿಂತ, ಬಾಲವನ್ನು ನೆಲಕ್ಕೂರಿದ ಮಾರ್ಕ್ಸ್ ಟೈರನೊಸಾರಸ್ ಆ ಚಿತ್ರದ ಸಂತಾನ. ಬೂದು, ಹಸಿರು, ಕಂದು, ಹೀಗೆ ಒಂದೇ ಬಣ್ಣದ, ಮೇಣದಂತೆ ನುಣುಪಾದ ಪ್ಲಾಸ್ಟಿಕ್ ಇವುಗಳ ಲಕ್ಷಣ. ಮಾರ್ಕ್ಸ್ ಕಂಪನಿ 1972ರಲ್ಲಿ ಕ್ವೇಕರ್ ಓಟ್ಸ್ ಪಾಲಾಯಿತು. ಅದರ ಅಚ್ಚುಗಳಲ್ಲಿ ಕೆಲವು ಉಳಿದು, ಬಹಳ ವರ್ಷಗಳ ನಂತರವೂ ಅವುಗಳಿಂದ ಹೊಸ ಪ್ರತಿಗಳು ಬಂದಿವೆ. ಆದುದರಿಂದ ಅಚ್ಚು ಹಳೆಯದೆಂಬ ಮಾತ್ರಕ್ಕೆ ಆಟಿಕೆಯೂ ಹಳೆಯದೆಂದು ಭಾವಿಸುವಂತಿಲ್ಲ.

ಇದೇ ಕಾಲದ ಇನ್ನೊಂದು ಧಾರೆ ಪೆಟ್ರೋಲ್ ಕಂಪನಿಯಿಂದ ಹರಿಯಿತು. ಬ್ರಾಂಟೊಸಾರಸನ್ನು ಲಾಂಛನ ಮಾಡಿಕೊಂಡಿದ್ದ ಸಿಂಕ್ಲೇರ್ ಸಂಸ್ಥೆ 1964–65ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ‘ಡೈನೋಲ್ಯಾಂಡ್’ ಎಂಬ ಪ್ರದರ್ಶನ ಇಟ್ಟಿತ್ತು. ನಾಣ್ಯ ಹಾಕಿದರೆ ಕಣ್ಣೆದುರೇ ಬಿಸಿ ಪ್ಲಾಸ್ಟಿಕ್ಕಿನಿಂದ ಒಂದು ಡೈನೋಸಾರನ್ನು ಅಚ್ಚು ಹಾಕಿಕೊಡುವ ‘ಮೋಲ್ಡ್–ಎ–ರಾಮಾ’ ಯಂತ್ರಗಳು ಅಲ್ಲಿದ್ದವು. ಅಂಥ ಯಂತ್ರಗಳು ಷಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯದಲ್ಲೂ ಇವೆ. ಇನ್ನೂ ಬೆಚ್ಚಗಿರುವ ಪ್ರಾಣಿಯನ್ನು ಕೈಗೆತ್ತಿಕೊಂಡವರಿಗೆ ಅಚ್ಚು, ಎರಕ, ತಣಿಸುವಿಕೆ ಎಂದರೇನೆಂದು ಬೇರೆ ವಿವರಿಸಬೇಕಾಗಿಲ್ಲ.

ಹಾಂಕಾಂಗ್‌ನಿಂದ ಬಂದ ಚೀಲ

ಅಗ್ಗದ ಡೈನೋಸಾರ್‌ಗಳ ನಿಜವಾದ ತವರು ಹಾಂಕಾಂಗ್. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಪ್ಲಾಸ್ಟಿಕ್ ಹೂವು, ಬಾಚಣಿಗೆ, ಆಟಿಕೆಗಳ ಸಣ್ಣ ಕಾರ್ಖಾನೆಗಳು ಹಬ್ಬಿದವು. ಉಕ್ಕಿನ ಅಚ್ಚು ಮಾಡಿಸಲು ಹೆಚ್ಚು ಹಣ ಬೇಕು. ಅಚ್ಚು ಕೈಗೆ ಬಂದ ಮೇಲೆ ಒಂದೊಂದು ಪ್ರತಿಗೆ ತಗಲುವ ವೆಚ್ಚ ಅತ್ಯಲ್ಪ. ಈ ಲೆಕ್ಕಾಚಾರದಿಂದ ಎರಡು ಪರಿಣಾಮಗಳು ಉಂಟಾದವು. ಒಂದು, ಒಮ್ಮೆ ಮಾಡಿದ ಅಚ್ಚನ್ನು ದಶಕಗಟ್ಟಲೆ ಬಳಸಿದರು. ಎರಡು, ಹೊಸ ಶಿಲ್ಪ ಮಾಡಿಸುವ ಬದಲು ಮಾರುಕಟ್ಟೆಯಲ್ಲಿದ್ದ ಆಟಿಕೆಯನ್ನೇ ಮಾದರಿಯಾಗಿಟ್ಟು ನಕಲಿನ ಅಚ್ಚು ತೆಗೆದರು. ಮಾರ್ಕ್ಸ್ ಪ್ರಾಣಿಗಳ ವಂಶವಾಹಿನಿ ಹೀಗೆ ನಕಲು, ನಕಲಿನ ನಕಲು ಎಂದು ಮುಂದುವರಿಯಿತು. 1978ರ ನಂತರ ಚೀನಾ ತನ್ನ ಆರ್ಥಿಕ ನೀತಿಯನ್ನು ಬದಲಿಸಿಕೊಂಡಾಗ ಕಾರ್ಖಾನೆಗಳು ಕ್ರಮೇಣ ಗಡಿ ದಾಟಿ ಗುವಾಂಗ್‌ಡಾಂಗ್ ಪ್ರಾಂತ್ಯಕ್ಕೆ ಸರಿದವು.

ಆಮದಾದ ವಸ್ತುವಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕೆಂಬ ಅಮೆರಿಕದ ನಿಯಮ 1930ರ ಸುಂಕ ಕಾಯಿದೆಯಲ್ಲಿದೆ. ಆಟಿಕೆಯ ಹೊಟ್ಟೆಯ ಅಡಿಯಲ್ಲಿ ಅಥವಾ ಪಾದದಲ್ಲಿ ಉಬ್ಬಕ್ಷರದ ಮುದ್ರೆ ಇರುವುದಕ್ಕೆ ಇದೇ ಕಾರಣ. ‘ಹಾಂಕಾಂಗ್’ ಎಂದಿದ್ದರೆ ಹೆಚ್ಚಾಗಿ 1960ರಿಂದ 80ರ ದಶಕದ ಆಟಿಕೆ. ‘ಚೀನಾ’ ಎಂದಿದ್ದರೆ ಹೆಚ್ಚಾಗಿ ಅದರ ನಂತರದ್ದು. ಇದು ಸ್ಥೂಲ ನಿಯಮ ಮಾತ್ರ. ಆದರೂ ಗ್ಯಾರೇಜ್ ಸೇಲ್‌ನ ಮೇಜಿನ ಮುಂದೆ ನಿಂತಾಗ ತಕ್ಷಣ ಕೈಗೆ ಸಿಗುವ ಸಾಕ್ಷ್ಯ ಇದೊಂದೇ. ಹೆಸರಿಲ್ಲದ ಈ ಪ್ರಾಣಿಗಳನ್ನು ಇಂಗ್ಲಿಷ್ ಬಲ್ಲ ಸಂಗ್ರಾಹಕರು ಪ್ರೀತಿಯಿಂದಲೂ ಸ್ವಲ್ಪ ತಾತ್ಸಾರದಿಂದಲೂ ‘ಚೈನಾಸಾರ್’ ಎಂದು ಕರೆಯುತ್ತಾರೆ.

ಆ ಚೀಲಗಳಲ್ಲಿ ಯಾವ ಪಳೆಯುಳಿಕೆಗೂ ಸಂಬಂಧಿಸದ ವಿಚಿತ್ರ ಜೀವಿಗಳೂ ಇರುತ್ತಿದ್ದವು. 1970ರ ದಶಕದಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟವನ್ನು ರೂಪಿಸಿದ ಗ್ಯಾರಿ ಗೈಗ್ಯಾಕ್ಸ್ ಇಂಥದೇ ಒಂದು ಹಾಂಕಾಂಗ್ ಚೀಲದ ಪ್ರಾಣಿಗಳನ್ನು ತಮ್ಮ ಆಟದ ರಾಕ್ಷಸರನ್ನಾಗಿ ಮಾಡಿಕೊಂಡರು. ಲೋಹ ತಿನ್ನುವ ‘ರಸ್ಟ್ ಮಾನ್ಸ್ಟರ್’, ಗೂಬೆಮುಖದ ಕರಡಿಯಾದ ‘ಔಲ್‌ಬೇರ್’ ಹುಟ್ಟಿದ್ದು ಹಾಗೆ. ಹೆಸರಿಲ್ಲದ ಕಾರ್ಮಿಕನೊಬ್ಬನ ಕಲ್ಪನೆ ಅರ್ಧ ಶತಮಾನ ಕಳೆದರೂ ಜಗತ್ತಿನಾದ್ಯಂತ ಆಟಗಾರರ ಮೇಜಿನ ಮೇಲೆ ಓಡಾಡುತ್ತಿದೆ.

ಮೊದಲ ವರ್ಗದ ಸರಣಿಗಳು

ಹೋಲಿಕೆಗಾಗಿ ಮೂರು ಸರಣಿಗಳನ್ನು ತಿಳಿದಿದ್ದರೆ ಸಾಕು. ಇಂಗ್ಲೆಂಡಿನ ಇನ್ವಿಕ್ಟಾ ಸಂಸ್ಥೆ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ವಸ್ತುಸಂಗ್ರಹಾಲಯಕ್ಕಾಗಿ 1974ರಿಂದ ಹೊರತಂದ ಒಂದೇ ಬಣ್ಣದ ಪ್ರಾಣಿಗಳು ಮೊದಲನೆಯದು. ಅವುಗಳಲ್ಲಿ ಬಹುಪಾಲು 1:45ರ ಅಳತೆಯವು. ಪಿಟ್ಸ್‌ಬರ್ಗಿನ ಕಾರ್ನೆಗಿ ವಸ್ತುಸಂಗ್ರಹಾಲಯದ ಒಪ್ಪಿಗೆಯೊಡನೆ ಸಫಾರಿ ಸಂಸ್ಥೆ 1988ರಿಂದ 2015ರವರೆಗೆ ಮಾರಿದ ಕಾರ್ನೆಗಿ ಸರಣಿ ಎರಡನೆಯದು. ಬಾಸ್ಟನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕಾಗಿ ಬಾಟಟ್ ಸಂಸ್ಥೆ 1994ರಿಂದ ಮಾಡಿದ್ದು ಮೂರನೆಯದು. ಇವುಗಳಲ್ಲಿ ಪ್ರಾಣಿಯ ಹೆಸರು, ಸಂಸ್ಥೆಯ ಹೆಸರು, ಅನೇಕ ವೇಳೆ ವರ್ಷವೂ ಹೊಟ್ಟೆಯ ಮೇಲೆ ಅಚ್ಚಾಗಿರುತ್ತದೆ. ಆ ವರ್ಷ ಶಿಲ್ಪದ ಹಕ್ಕಿನ ವರ್ಷವೇ ಹೊರತು ಆ ಪ್ರತಿ ತಯಾರಾದ ವರ್ಷವಲ್ಲ ಎಂಬುದನ್ನು ನೆನಪಿಡಬೇಕು. 1993ರ ‘ಜುರಾಸಿಕ್ ಪಾರ್ಕ್’ ಚಲನಚಿತ್ರದೊಡನೆ ಬಂದ ಕೆನ್ನರ್ ಕಂಪನಿಯ ಆಟಿಕೆಗಳ ಮೈಮೇಲೆ ‘ಜೆಪಿ’ ಎಂಬ ಅಕ್ಷರಗಳಿವೆ. ಆ ಚಿತ್ರ ಮರುವರ್ಷ ಹಿಂದಿಗೆ ಡಬ್ ಆಗಿ ಭಾರತದಲ್ಲಿ ಯಶಸ್ವಿಯಾಯಿತು. ನಮ್ಮ ಊರುಗಳ ಅನೇಕ ಮಕ್ಕಳು ಡೈನೋಸಾರ್ ಎಂಬ ಶಬ್ದ ಕೇಳಿದ್ದು ಆಗಲೇ.

ದೇಹದ ಭಂಗಿಯಿಂದ ಕಾಲನಿರ್ಣಯ

ಮುದ್ರೆ ಇಲ್ಲದಿದ್ದಾಗ ಪ್ರಾಣಿಯ ದೇಹರಚನೆಯನ್ನೇ ಓದಬೇಕಾಗುತ್ತದೆ. ಅಂಗರಚನೆ ಕಲಿತವರಿಗೆ ಇದು ಈ ಹವ್ಯಾಸದ ಅತ್ಯಂತ ರುಚಿಕರ ಭಾಗ.

ಮೊದಲು ಬಾಲವನ್ನು ನೋಡಿ. ಎಪ್ಪತ್ತರ ದಶಕದವರೆಗಿನ ಮಾದರಿಗಳಲ್ಲಿ ಬಾಲ ನೆಲದ ಮೇಲೆ ಎಳೆದುಕೊಂಡಿರುತ್ತದೆ. 1969ರಲ್ಲಿ ಜಾನ್ ಆಸ್ಟ್ರಮ್ ಡೈನೋನಿಕಸ್ ಎಂಬ ಚುರುಕಾದ ಬೇಟೆಗಾರನನ್ನು ವರ್ಣಿಸಿದರು. ಅವರ ಶಿಷ್ಯ ರಾಬರ್ಟ್ ಬಾಕರ್ 1975ರಲ್ಲಿ ಇಡೀ ಗುಂಪನ್ನೇ ಹೊಸದಾಗಿ ನೋಡುವ ವಾದ ಮಂಡಿಸಿದರು. ಕಲ್ಲಾದ ಹೆಜ್ಜೆಗುರುತುಗಳ ನಡುವೆ ಬಾಲ ಎಳೆದ ಗೆರೆ ಕಾಣುವುದು ತೀರಾ ಅಪರೂಪ ಎಂಬುದೂ ಈ ಪಕ್ಷಕ್ಕೆ ಬಲ ನೀಡಿತು. ಅಂದಿನಿಂದ ಬಾಲ ಮೇಲೆದ್ದು, ಬೆನ್ನು ನೆಲಕ್ಕೆ ಸಮಾನಾಂತರವಾಯಿತು. ಅಗ್ಗದ ಚೀಲಗಳಿಗೆ ಈ ಸುದ್ದಿ ತಲುಪಲು ಇಪ್ಪತ್ತು ವರ್ಷಗಳೇ ಹಿಡಿದವು. ಎರಡು ಕಾಲಿನ ಆಟಿಕೆಯನ್ನು ಬಾಲದ ಆಸರೆಯಿಲ್ಲದೆ ನಿಲ್ಲಿಸುವುದು ಕಷ್ಟವಾದುದರಿಂದ ಹಳೆಯ ಭಂಗಿ ಇಂದಿಗೂ ಪೂರ್ತಿ ಮರೆಯಾಗಿಲ್ಲ.

ಎರಡನೆಯದಾಗಿ ಕೈ. ಟೈರನೊಸಾರಸ್‌ಗೆ ಕೆಲಸಕ್ಕೆ ಬರುವ ಬೆರಳುಗಳು ಎರಡೇ. ಅಗ್ಗದ ಆಟಿಕೆಗಳಲ್ಲಿ ಮೂರು ಸಾಮಾನ್ಯ. ಅಂಗೈ ಇನ್ನೂ ಸೂಕ್ಷ್ಮವಾದ ಸಾಕ್ಷಿ. ನಾವು ಮುಂಗೈ ಮೂಳೆಗಳನ್ನು ತಿರುಗಿಸಿ ಅಂಗೈಯನ್ನು ಕೆಳಗೆ ಮಾಡಬಲ್ಲೆವು. ಮಾಂಸಾಹಾರಿ ಡೈನೋಸಾರ್‌ಗಳ ಮುಂಗೈಗೆ ಆ ತಿರುಗುವಿಕೆ ಇರಲಿಲ್ಲ. ಅವುಗಳ ಅಂಗೈಗಳು ಚಪ್ಪಾಳೆ ತಟ್ಟುವವನಂತೆ ಒಂದಕ್ಕೊಂದು ಎದುರಾಗಿದ್ದವು. ಅಂಗೈ ಕೆಳಗೆ ಮಾಡಿಕೊಂಡು ಹಾರ್ಮೋನಿಯಂ ನುಡಿಸುವವನಂತೆ ನಿಂತ ಪ್ರಾಣಿಯನ್ನು ಕಂಡರೆ ಅದರ ಶಿಲ್ಪಿ ಎಲುಬುಗಳನ್ನು ನೋಡಿದವನಲ್ಲ ಎಂದು ತಿಳಿಯಬಹುದು.

ಮೂರನೆಯದು ಚರ್ಮ. 1996ರಲ್ಲಿ ಚೀನಾದ ಲಿಯಾವ್ನಿಂಗ್ ಪ್ರಾಂತ್ಯದ ಸೈನೊಸಾರಾಪ್ಟೆರಿಕ್ಸ್ ಬೆಳಕಿಗೆ ಬಂದ ನಂತರ ಕೆಲವು ಗುಂಪುಗಳಿಗೆ ಗರಿಯಂಥ ಹೊದಿಕೆ ಇತ್ತೆಂಬುದು ಸ್ಥಿರಪಟ್ಟಿತು. ಗರಿಯುಳ್ಳ ಅಗ್ಗದ ಆಟಿಕೆ ಕೈಗೆ ಸಿಕ್ಕರೆ ಅದು ಆ ವರ್ಷದ ಹಿಂದಿನದಾಗಿರುವ ಸಂಭವ ಕಡಿಮೆ. ಗರಿಗಳಿರುವ ಪ್ರಾಣಿಗಳ ಪಳೆಯುಳಿಕೆಗಳು ಹೇರಳವಾಗಿ ಸಿಕ್ಕಿದ್ದೂ, ಗರಿಯಿಲ್ಲದ ಆಟಿಕೆಗಳು ಹೇರಳವಾಗಿ ತಯಾರಾದದ್ದೂ ಒಂದೇ ದೇಶದಲ್ಲಿ.

ಕೊನೆಯದಾಗಿ ಹೆಸರು. ಬ್ರಾಂಟೊಸಾರಸ್ ಎಂಬ ಹೆಸರನ್ನು 1879ರಲ್ಲಿ ಓತ್ನಿಯಲ್ ಮಾರ್ಷ್ ಕೊಟ್ಟರು. ಅದಕ್ಕೂ ಎರಡು ವರ್ಷ ಹಿಂದೆ ಅವರೇ ಹೆಸರಿಸಿದ್ದ ಅಪಟೊಸಾರಸ್‌ನೊಳಗೆ ಅದನ್ನು 1903ರಲ್ಲಿ ವಿಲೀನಗೊಳಿಸಲಾಯಿತು. 2015ರ ಒಂದು ವಿಸ್ತೃತ ಅಧ್ಯಯನ ಅದನ್ನು ಮತ್ತೆ ಪ್ರತ್ಯೇಕವೆಂದು ಎತ್ತಿಹಿಡಿಯಿತು. ಬೆನ್ನ ಮೇಲೆ ಹಾಯಿಯಿರುವ ಡೈಮೆಟ್ರೊಡಾನ್ ಬಹುತೇಕ ಪ್ರತಿ ಚೀಲದಲ್ಲೂ ಇರುತ್ತದೆ. ಅದು ಡೈನೋಸಾರ್ ಅಲ್ಲ. ಡೈನೋಸಾರ್‌ಗಳು ಕಾಣಿಸಿಕೊಳ್ಳುವುದಕ್ಕೆ ಸುಮಾರು 4 ಕೋಟಿ ವರ್ಷ ಮೊದಲೇ ಅಳಿದ ಅದು ವಂಶವೃಕ್ಷದಲ್ಲಿ ಸ್ತನಿಗಳಿಗೆ, ಎಂದರೆ ನಮಗೆ, ಹೆಚ್ಚು ಹತ್ತಿರದ್ದು.

ಭಾರತದ ಡೈನೋಸಾರ್‌ಗಳಿಗೆ ಈ ಚೀಲಗಳಲ್ಲಿ ಸ್ಥಾನವಿಲ್ಲ. ಜಬಲ್‌ಪುರದಲ್ಲಿ ವಿಲಿಯಂ ಸ್ಲೀಮನ್ 1828ರಲ್ಲಿಯೇ ಮೂಳೆಗಳನ್ನು ಕಂಡಿದ್ದರು. ರವೀಂದ್ರನಾಥ ಟ್ಯಾಗೋರರ ಹೆಸರು ಹೊತ್ತ ಬರಪಾಸಾರಸ್ ಟ್ಯಾಗೋರಿಯ ಅಸ್ಥಿಪಂಜರ ಕೋಲ್ಕತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದೆ; ಕೋಟಾಸಾರಸ್ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿದೆ; ನರ್ಮದಾ ಕಣಿವೆಯ ರಾಜಾಸಾರಸ್‌ಗೆ 2003ರಲ್ಲಿ ಹೆಸರು ಬಂತು. ಇವುಗಳಲ್ಲಿ ಒಂದಾದರೂ ನನಗೆ ಯಾವ ಚೀಲದಲ್ಲೂ ಸಿಕ್ಕಿಲ್ಲ. ಕರ್ನಾಟಕದಲ್ಲಿ ಏಕೆ ಡೈನೋಸಾರ್ ಸಿಗುವುದಿಲ್ಲವೆಂದು ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಕೇಳುವುದುಂಟು. ನಮ್ಮ ನಾಡಿನ ಬಹುಭಾಗದ ಶಿಲೆ 250 ಕೋಟಿ ವರ್ಷಗಳಿಗೂ ಹಳೆಯದು. ಡೈನೋಸಾರ್‌ಗಳ ಇತಿಹಾಸ 23 ಕೋಟಿ ವರ್ಷಗಳಿಂದ ಈಚಿನದು. ಆ ಬಂಡೆಗಳು ರೂಪುಗೊಂಡಾಗ ಮೂಳೆಯುಳ್ಳ ಪ್ರಾಣಿಯೇ ಭೂಮಿಯ ಮೇಲಿರಲಿಲ್ಲ.

ಪ್ಲಾಸ್ಟಿಕ್ಕಿನ ಪರೀಕ್ಷೆ

ಅಗ್ಗದ ಡೈನೋಸಾರ್‌ಗಳು ಹೆಚ್ಚಾಗಿ ಎರಡು ಬಗೆಯ ಪ್ಲಾಸ್ಟಿಕ್ಕಿನವು: ಪಾಲಿಥೀನ್ ಮತ್ತು ಪಿವಿಸಿ. ಇವನ್ನು ಬೇರ್ಪಡಿಸಲು ಒಂದು ಬಟ್ಟಲು ನೀರು ಸಾಕು. ಪಾಲಿಥೀನ್ ನೀರಿಗಿಂತ ಹಗುರ, ತೇಲುತ್ತದೆ. ಪಿವಿಸಿ ಭಾರ, ಮುಳುಗುತ್ತದೆ. ಒಳಗೆ ಟೊಳ್ಳಿರುವ ಆಟಿಕೆಗೆ ಈ ಪರೀಕ್ಷೆ ಸಲ್ಲದು. ಒಳಗಿನ ಗಾಳಿ ಅದನ್ನು ತೇಲಿಸುತ್ತದೆ. ಮುಟ್ಟಿದರೆ ಮೇಣದಂತಿದ್ದು ಬಣ್ಣ ಹಚ್ಚಿಲ್ಲದಿದ್ದರೆ ಬಹುಶಃ ಪಾಲಿಥೀನ್. ರಬ್ಬರಿನಂತೆ ಬಾಗಿ, ಮೂಗಿಗೆ ಹೊಸ ಮಳೆಯಂಗಿಯ ವಾಸನೆ ಬಂದರೆ ಬಹುಶಃ ಪಿವಿಸಿ. ಈ ವ್ಯತ್ಯಾಸ ಮುಂದೆ ಆರೋಗ್ಯದ ಪ್ರಶ್ನೆಗೆ ಆಧಾರವಾಗುತ್ತದೆ.

ಅಚ್ಚಿನ ಎರಡು ಅರ್ಧಗಳು ಕೂಡುವಲ್ಲಿ ಬೆನ್ನುದ್ದಕ್ಕೂ ಒಂದು ಗೆರೆ ಏಳುತ್ತದೆ. ಅಚ್ಚು ಸವೆದಂತೆ ಈ ಗೆರೆ ದಪ್ಪವಾಗಿ, ಅದರಂಚಿನಲ್ಲಿ ತೆಳುವಾದ ಪೊರೆ ಮೂಡುತ್ತದೆ. ಒಂದೇ ಅಚ್ಚಿನ ಎರಡು ಪ್ರತಿಗಳಲ್ಲಿ ಯಾವುದು ಮೊದಲಿನದೆಂದು ಇದರಿಂದ ಊಹಿಸಬಹುದು. ನಕಲನ್ನು ಹಿಡಿಯಲು ಅಳತೆಯೇ ಉಪಾಯ. ಬಿಸಿ ಪ್ಲಾಸ್ಟಿಕ್ ತಣಿದಾಗ ಸ್ವಲ್ಪ ಕುಗ್ಗುವುದರಿಂದ, ಆಟಿಕೆಯಿಂದ ತೆಗೆದ ಅಚ್ಚಿನಲ್ಲಿ ಹುಟ್ಟಿದ ಆಟಿಕೆ ಮೂಲಕ್ಕಿಂತ ಕೆಲವು ಮಿಲಿಮೀಟರ್ ಚಿಕ್ಕದಾಗಿರುತ್ತದೆ, ಚರ್ಮದ ಸುಕ್ಕುಗಳು ಮಸಕಾಗಿರುತ್ತವೆ. ಮೂರನೆಯ ತಲೆಮಾರಿಗೆ ಬರುವಷ್ಟರಲ್ಲಿ ಸ್ಟೆಗೊಸಾರಸ್‌ನ ಬೆನ್ನ ಫಲಕಗಳು ಎಲೆಯ ಆಕಾರ ಕಳೆದುಕೊಂಡು ಗರಗಸದ ಹಲ್ಲಿನಂತಾಗಿರುವುದನ್ನು ನಾನು ನೋಡಿದ್ದೇನೆ. ಸಂಗ್ರಾಹಕನಿಗೆ ಒಂದು ಅಳತೆಪಟ್ಟಿ, ಒಂದು ಭೂತಗನ್ನಡಿ, ಒಂದು ನೋಟ್‌ಬುಕ್ ಇಷ್ಟೇ ಉಪಕರಣ.

ಎಲ್ಲಿ ಸಿಗುತ್ತವೆ

ನಮ್ಮ ಡಬ್ಲಿನ್ 580 ಮತ್ತು 680 ಹೆದ್ದಾರಿಗಳು ಸಂಧಿಸುವಲ್ಲಿರುವ, 1982ರಲ್ಲಷ್ಟೇ ನಗರವೆಂದು ಸಂಘಟಿತವಾದ ಊರು. ಎಳೆಯ ಮಕ್ಕಳ ಮನೆಗಳು ಹೆಚ್ಚು. ಮಕ್ಕಳು ದೊಡ್ಡವರಾಗಿ ಮನೆ ಬದಲಾಯಿಸುವವರೂ ಹೆಚ್ಚು. ಶನಿವಾರದ ಗ್ಯಾರೇಜ್ ಸೇಲ್‌ಗಳಲ್ಲಿ ಒಂದು ಡಾಲರಿಗೆ ಒಂದು ಚೀಲ ಪ್ರಾಣಿಗಳನ್ನು ಕೊಡುತ್ತಾರೆ. ಬಿಟ್ಟಿಯಾಗಿ ಕೊಟ್ಟು ಸದ್ಯ ಖಾಲಿಯಾಯಿತಲ್ಲ ಎನ್ನುವವರೂ ಇದ್ದಾರೆ. ಇಲ್ಲಿ ಹೆಚ್ಚಾಗಿ ಸಿಗುವುದು ಕಳೆದ ಮೂವತ್ತು ವರ್ಷಗಳ ಚೀನಾ ಆಟಿಕೆಗಳು. ಇನ್ನೂ ಹಳೆಯವು ಬೇಕಾದರೆ ಪ್ರತಿ ತಿಂಗಳ ಮೊದಲ ಭಾನುವಾರ ಅಲಮೀಡಾ ಪಾಯಿಂಟ್‌ನ ಹಳೆಯ ನೌಕಾ ವಿಮಾನನೆಲೆಯಲ್ಲಿ ನಡೆಯುವ ಸಂತೆಗೆ ಹೋಗಬೇಕು. ಇಪ್ಪತ್ತು ವರ್ಷಕ್ಕಿಂತ ಹಳೆಯ ವಸ್ತುಗಳಿಗೆ ಮೀಸಲಾದ ಸಂತೆ ಅದು. ಬಿಡಿ ಪ್ರಾಣಿಗಳನ್ನು ತುಂಬಿದ ಡಬ್ಬಿಗಳು ಮೇಜಿನ ಕೆಳಗೆ ಇರುತ್ತವೆ, ಬಗ್ಗಿ ನೋಡಬೇಕು.

ಕೊಂಡ ಪ್ರಾಣಿಯನ್ನು ನಿಜದೊಡನೆ ಹೋಲಿಸಲು ಬರ್ಕ್ಲಿ ವಿಶ್ವವಿದ್ಯಾಲಯದ ಪಳೆಯುಳಿಕೆ ವಸ್ತುಸಂಗ್ರಹಾಲಯವಿರುವ ಕಟ್ಟಡಕ್ಕೆ ಹೋಗಬಹುದು. ಅಲ್ಲಿನ ಅಂಗಳದಲ್ಲಿ ಟೈರನೊಸಾರಸ್‌ನ ಪೂರ್ಣ ಅಸ್ಥಿಪಂಜರದ ಪ್ರತಿಕೃತಿ ನಿಂತಿದೆ. ಕ್ಯಾಲಿಫೋರ್ನಿಯಾಗೆ ತನ್ನದೇ ರಾಜ್ಯ ಡೈನೋಸಾರ್ ಇದೆ: ಅಗಸ್ಟಿನೊಲೋಫಸ್ ಎಂಬ ಬಾತುಮೂತಿಯ ಸಸ್ಯಾಹಾರಿ, 2017ರಲ್ಲಿ ಆ ಗೌರವ ಪಡೆಯಿತು. ಅದೂ ಚೀಲದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಮಗುವಿನ ಕೈಗೆ ಯಾವುದು

ಇನ್ನು ಎರಡನೆಯ ಪ್ರಶ್ನೆ. ಮೆದುವಾದ ಪಿವಿಸಿಗೆ ಆ ಮೆದುತನ ಬರುವುದು ಥ್ಯಾಲೇಟ್ ಎಂಬ ಎಣ್ಣೆಯಂಥ ರಾಸಾಯನಿಕಗಳನ್ನು ಬೆರೆಸುವುದರಿಂದ. ಅವು ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ. ಕಾಲಕ್ರಮೇಣ ಹೊರಬರುತ್ತವೆ, ಮಗು ಚೀಪಿದಾಗ ಬೇಗ ಹೊರಬರುತ್ತವೆ. ಇವುಗಳಲ್ಲಿ ಕೆಲವು ಹಾರ್ಮೋನುಗಳ ಕೆಲಸದಲ್ಲಿ ಅಡ್ಡಿಮಾಡುವಂಥವು. ಹಳೆಯ ಪಿವಿಸಿಯನ್ನು ಸ್ಥಿರಗೊಳಿಸಲು ಸೀಸದ ಲವಣಗಳನ್ನೂ, ಹಳದಿ ಮತ್ತು ಕೆಂಪು ಬಣ್ಣಗಳಿಗೆ ಸೀಸದ ಕ್ರೋಮೇಟ್ ಹಾಗೂ ಕ್ಯಾಡ್ಮಿಯಮ್ ಸಂಯುಕ್ತಗಳನ್ನೂ ಬಳಸುತ್ತಿದ್ದರು. ಪ್ಲಿಮತ್ ವಿಶ್ವವಿದ್ಯಾಲಯದ ಆಂಡ್ರ್ಯೂ ಟರ್ನರ್ ಸುಮಾರು 200 ಹಳೆಯ ಪ್ಲಾಸ್ಟಿಕ್ ಆಟಿಕೆಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಳದಿ, ಕೆಂಪು, ಕಪ್ಪು ಬಣ್ಣದವುಗಳಲ್ಲಿ ಇಂಥ ವಸ್ತುಗಳು ಹೆಚ್ಚಾಗಿ ಕಂಡುಬಂದವು.

ಆದುದರಿಂದ ಕಾನೂನಿನ ಇಸವಿಗಳು ಸಂಗ್ರಾಹಕನಿಗೂ ಉಪಯುಕ್ತ. ಅಮೆರಿಕದ ಗ್ರಾಹಕ ವಸ್ತುಗಳ ಸುರಕ್ಷತಾ ಸುಧಾರಣಾ ಕಾಯಿದೆ 2008ರಲ್ಲಿ ಬಂತು. ಅದು ಮಕ್ಕಳ ಆಟಿಕೆಗಳಲ್ಲಿ ಮೂರು ಥ್ಯಾಲೇಟ್‌ಗಳನ್ನು ಒಂದೊಂದೂ ಶೇಕಡಾ 0.1ಕ್ಕೆ ಮಿತಿಗೊಳಿಸಿತು, 2018ರಿಂದ ನಿರ್ಬಂಧಿತ ಪಟ್ಟಿ ಎಂಟಕ್ಕೇರಿತು. ಸೀಸದ ಮಿತಿ 2011ರ ಆಗಸ್ಟ್‌ನಿಂದ ಹತ್ತು ಲಕ್ಷಕ್ಕೆ 100 ಭಾಗ. ಕ್ಯಾಲಿಫೋರ್ನಿಯಾದ ಥ್ಯಾಲೇಟ್ ಕಾಯಿದೆ 2009ರ ಜನವರಿಯಿಂದ ಜಾರಿಯಲ್ಲಿದೆ. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಊರಿನಿಂದ ಆಟಿಕೆ ತರುವ ಅಜ್ಜ ಅಜ್ಜಿಯರಿಗೆ ಆ ಗುರುತನ್ನು ನೋಡಿ ಕೊಳ್ಳುವಂತೆ ಹೇಳುವುದು ಒಳ್ಳೆಯದು.

ಇದರಿಂದ ನಾನು ಅನುಸರಿಸುವ ಕ್ರಮ ಇಷ್ಟು. 2009ಕ್ಕಿಂತ ಹಿಂದಿನ ಮತ್ತು ವಯಸ್ಸು ತಿಳಿಯದ ಪಿವಿಸಿ ಪ್ರಾಣಿಗಳು ಕಪಾಟಿಗೆ, ಮಗುವಿಗೆ ಅಲ್ಲ. ಮುಟ್ಟಿದರೆ ಅಂಟುವ, ಬಣ್ಣ ಏಳುತ್ತಿರುವ ಪ್ರಾಣಿ ಯಾವ ಕಾಲದ್ದಾದರೂ ಮಗುವಿಗೆ ಅಲ್ಲ. ಹಳೆಯ ಪಾಲಿಥೀನ್ ಪ್ರಾಣಿಗಳಲ್ಲಿ ಥ್ಯಾಲೇಟ್‌ಗಳ ಚಿಂತೆ ಕಡಿಮೆಯಾದರೂ ಬಣ್ಣದ ಚಿಂತೆ ಉಳಿಯುತ್ತದೆ, ಹಳೆಯದಾದಂತೆ ಮುರಿದು ಚೂಪಾಗುತ್ತವೆ, ಅವೂ ಕಪಾಟಿಗೇ. ಚೀಪುವ ವಯಸ್ಸಿನ ಮಗುವಿಗೆ ಹೊಸದಾಗಿ, ತಯಾರಕರ ಹೆಸರು ಮತ್ತು ವಯೋಮಿತಿ ನಮೂದಿಸಿದ ಆಟಿಕೆಯನ್ನೇ ಕೊಡಬೇಕು. ಅಂಗಡಿಯಲ್ಲಿ ಸಿಗುವ ಸೀಸದ ಒರೆಸು–ಪರೀಕ್ಷೆಗಳು ಪ್ಲಾಸ್ಟಿಕ್ಕಿನ ಒಳಗಿರುವ ಸೀಸವನ್ನು ನಂಬುವಂತೆ ತೋರಿಸುವುದಿಲ್ಲ. ಅನುಮಾನವಿದ್ದರೆ ಮಗುವಿನ ರಕ್ತಪರೀಕ್ಷೆಯೇ ಉತ್ತರ. ಡೆಸಿಲೀಟರ್‌ಗೆ 3.5 ಮೈಕ್ರೊಗ್ರಾಂ ಮುಟ್ಟಿದರೆ ಮೂಲವನ್ನು ಹುಡುಕಲು ಆರಂಭಿಸಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಗೊತ್ತುಪಡಿಸಿದೆ.

ಇದರ ಜೊತೆಗೆ ಪ್ರಮಾಣಪ್ರಜ್ಞೆಯೂ ಇರಬೇಕು. ಭಾರತೀಯ ಮನೆಗಳಲ್ಲಿ ಸೀಸದ ಮೂಲ ಹುಡುಕುವಾಗ ಆಟಿಕೆಯೊಂದನ್ನೇ ನೋಡಿದರೆ ಸಾಲದು. ಕಲಬೆರಕೆಯ ಅರಿಶಿನ, ಕುಂಕುಮ–ಸಿಂಧೂರ, ಕಣ್ಣಿಗೆ ಹಚ್ಚುವ ಸುರ್ಮಾ, ಮೂಲ ತಿಳಿಯದ ಭಸ್ಮಗಳನ್ನೂ ವಿಚಾರಿಸಬೇಕು. ಇನ್ನು ಕೆಲವು ಅಪಾಯಗಳು ವರ್ಷಗಳ ಲೆಕ್ಕದ್ದಲ್ಲ, ಗಂಟೆಗಳ, ನಿಮಿಷಗಳ ಲೆಕ್ಕದ್ದು. ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಚಿಕ್ಕ ಪ್ರಾಣಿ ಅವುಗಳಲ್ಲಿ ಮೊದಲನೆಯದು. ಮೂರು ವರ್ಷದೊಳಗಿನವರ ಆಟಿಕೆಯನ್ನು ಅಮೆರಿಕದಲ್ಲಿ 31.7 ಮಿಲಿಮೀಟರ್ ವ್ಯಾಸದ ಒಂದು ಕೊಳವೆಯೊಳಗೆ ಹಾಕಿ ನೋಡುತ್ತಾರೆ. ಪೂರ್ತಿ ಒಳಗೆ ಹಿಡಿಸಿದರೆ ಅದು ಆ ವಯಸ್ಸಿಗೆ ಸಲ್ಲದು. ಗರ್ಜಿಸುವ, ಕಣ್ಣು ಮಿನುಗಿಸುವ ಪ್ರಾಣಿಗಳೊಳಗಿನ ಗುಂಡಿಯಾಕಾರದ ಬ್ಯಾಟರಿ ಎರಡನೆಯದು. ನುಂಗಿದರೆ ಅದು ಅನ್ನನಾಳವನ್ನು ಎರಡು ಗಂಟೆಗಳಲ್ಲಿ ಸುಡಬಲ್ಲದು. ನೀರಿಗೆ ಹಾಕಿದರೆ ಹಲವು ಪಟ್ಟು ಬೆಳೆಯುವ ಆಟಿಕೆ ಮೂರನೆಯದು. ಅದು ಕರುಳಿನೊಳಗೂ ಹಾಗೆಯೇ ಉಬ್ಬಿ ದಾರಿ ಮುಚ್ಚಬಹುದು, ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗಬಹುದು. ಇವನ್ನು ನುಂಗಿರುವ ಸಂದೇಹ ಬಂದ ಕೂಡಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊರಡಬೇಕು. ಕಾದು ನೋಡೋಣ ಎನ್ನಬಾರದು. ದಾರಿಯಲ್ಲಿ ಅಮೆರಿಕದ ವಿಷ ಮಾಹಿತಿ ಕೇಂದ್ರವನ್ನು 1-800-222-1222ರಲ್ಲಿ ಕೇಳಬಹುದು.

ಕಾಪಾಡುವ ಕ್ರಮ

ಕಪಾಟಿಗೆ ಸೇರಿದ ಪ್ರಾಣಿಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆಯ ಸೋಪು ಹಾಕಿ ಮೆದುವಾದ ಬ್ರಷ್‌ನಿಂದ ತೊಳೆದರೆ ಸಾಕು. ಉಗುರುಬಣ್ಣ ತೆಗೆಯುವ ದ್ರಾವಣವನ್ನು ಹತ್ತಿರ ತರಬಾರದು. ಬಾಗಿದ ಪಿವಿಸಿ ಕಾಲನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ, ನೆಟ್ಟಗೆ ಮಾಡಿ, ತಣ್ಣೀರಿನಲ್ಲಿ ಹಿಡಿದರೆ ನಿಲ್ಲುತ್ತದೆ. ಮೆದು ಪಿವಿಸಿಯನ್ನು ಗಟ್ಟಿ ಪಾಲಿಸ್ಟೈರೀನ್ ಡಬ್ಬಿಗೆ ತಾಗಿಸಿಟ್ಟರೆ ಥ್ಯಾಲೇಟ್ ಇಳಿದು ಡಬ್ಬಿಯೇ ಕರಗಿ ಅಂಟಿಕೊಳ್ಳುತ್ತದೆ, ನಡುವೆ ಕಾಗದವಿರಲಿ. ಡಬ್ಲಿನ್‌ನಲ್ಲಿ ಬೇಸಗೆಯ ಉಷ್ಣತೆ 100 ಡಿಗ್ರಿ ಫ್ಯಾರನ್‌ಹೀಟ್ ದಾಟುವ ದಿನಗಳುಂಟು; ಮುಚ್ಚಿದ ಗ್ಯಾರೇಜಿನ ಅಟ್ಟ ಇನ್ನೂ ಬಿಸಿ. ಪ್ಲಾಸ್ಟಿಕ್ಕಿಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಮನೆಯೊಳಗೆ, ಬಿಸಿಲು ಬೀಳದ ಕಪಾಟಿನಲ್ಲಿಡಬೇಕು.

ಇಂಥ ಅಗ್ಗದ ವಸ್ತುಗಳನ್ನು ಕಾಪಾಡಿಕೊಳ್ಳುವ ಪದ್ಧತಿ ನಮಗೆ ಹೊಸದಲ್ಲ. ನವರಾತ್ರಿಯ ಗೊಂಬೆ ಹಬ್ಬದಲ್ಲಿ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ನಡುವೆ ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳು, ಕೆಳಗೆ ಸಾಸಿವೆ, ರಾಗಿಯ ಮೊಳಕೆ ಬರಿಸಿದ ಉದ್ಯಾನದಲ್ಲಿ ಮಕ್ಕಳ ಪ್ಲಾಸ್ಟಿಕ್ ಆನೆ, ಜಿಂಕೆ, ಹುಲಿಗಳು. ಬೆಲೆಯ ತಾರತಮ್ಯವಿಲ್ಲದೆ ವರ್ಷಕ್ಕೊಮ್ಮೆ ಪೆಟ್ಟಿಗೆ ತೆರೆದು, ಒರೆಸಿ, ಎಲ್ಲಿಂದ ಬಂದದ್ದೆಂದು ಹೇಳಿ, ಮತ್ತೆ ಬಟ್ಟೆ ಸುತ್ತಿ ಎತ್ತಿಡುವ ಆ ಕ್ರಮವೇ ಸಂಗ್ರಹಾಲಯದ ಕ್ರಮ. ಇಲ್ಲಿನ ಹಲವು ಮನೆಗಳ ಉದ್ಯಾನದಲ್ಲಿ ಈಗ ಟ್ರೈಸೆರಟಾಪ್ಸ್ ಮೇಯುತ್ತಿದೆ. ಅದಕ್ಕೆ ಯಾವ ಹಿರಿಯರೂ ಆಕ್ಷೇಪಿಸಿದ್ದನ್ನು ನಾನು ಕೇಳಿಲ್ಲ. ಉದ್ಯಾನದ ಮೆಟ್ಟಿಲು ಅಂಬೆಗಾಲಿಡುವ ಮಗುವಿನ ಕೈಗೆಟಕುವ ಎತ್ತರದಲ್ಲೇ ಇರುತ್ತದೆಂಬುದನ್ನು ಮಾತ್ರ ಮರೆಯಬಾರದು. ಹಳೆಯ ಪ್ರಾಣಿಗಳನ್ನು ಒಂದು ಮೆಟ್ಟಿಲು ಮೇಲಿಡಿ.

ಹೊಸದಾಗಿ ಆರಂಭಿಸುವವರಿಗೆ ಕೊನೆಯ ಸಲಹೆ. ಪ್ರತಿ ಪ್ರಾಣಿಗೂ ಒಂದು ಚೀಟಿ ಬರೆಯಿರಿ: ಪ್ರಾಣಿಯ ಹೆಸರು, ಹೊಟ್ಟೆಯ ಮೇಲಿನ ಮುದ್ರೆ, ಉದ್ದ, ತೇಲಿತೋ ಮುಳುಗಿತೋ, ಎಲ್ಲಿ ಯಾವಾಗ ಸಿಕ್ಕಿತು, ಮಗುವಿಗೆ ಕೊಡಬಹುದೋ ಇಲ್ಲವೋ. ಆ ಕೊನೆಯ ಕಲಮನ್ನು ಕೆಂಪು ಶಾಯಿಯಲ್ಲಿ, ಕನ್ನಡ ಓದಲು ಬಾರದ ಮಕ್ಕಳಿಗೂ ತಿಳಿಯುವಂತೆ, ಇಂಗ್ಲಿಷಿನಲ್ಲೂ ಬರೆದಿಡಿ. ಮುಂದೊಂದು ದಿನ ಡಬ್ಬಿ ತೆರೆಯುವವರು ಅವರೇ.